ಎಕ್ಸೆಲ್ ಹಾಳೆಯಲ್ಲಿ ಕಾಣದ ಬಾಶೆಟ್ಟಿಹಳ್ಳಿ

ಮಾರ್ಕೆಟಿಂಗ್ ಕೆಲಸದಲ್ಲಿರುವ ಯಾರ ವಾಟ್ಸ್‌ಆ್ಯಪ್ ತೆರೆದರೂ ಇಂಥದೊಂದು ಸಂದೇಶ ಸಿಗುತ್ತದೆ. ಕರ್ನಾಟಕದ ಕಾರ್ಖಾನೆಗಳ ಪೂರ್ತಿ ಡೇಟಾ, ಮಾಲೀಕರ ಮೊಬೈಲ್ ನಂಬರ್ ಸಮೇತ, ದುಡ್ಡು ಹಾಕಿದ ಹತ್ತು ನಿಮಿಷಕ್ಕೆ ಎಕ್ಸೆಲ್ ಫೈಲ್ ನಿಮ್ಮ ಕೈಗೆ. ಬೆಲೆ ನಾಲ್ಕು ಜನರ ಹೋಟೆಲ್ ಊಟಕ್ಕಿಂತ ಕಡಿಮೆ. ಕೊಂಡು ತೆರೆದರೆ ಸಾಲುಗಳೇನೋ ಸಾವಿರಗಟ್ಟಲೆ ಇರುತ್ತವೆ. ದೊಡ್ಡಬಳ್ಳಾಪುರ ಎಂದು ಫಿಲ್ಟರ್ ಹಾಕಿದಾಗ ಬಣ್ಣ ಬಯಲಾಗುತ್ತದೆ. ಒಂದೇ ಕಾರ್ಖಾನೆ ‘ದೊಡ್ಡಬಳ್ಳಾಪುರ’ದಲ್ಲಿ ಒಮ್ಮೆ, ‘ದೊಡ್ಬಳ್ಳಾಪುರ್’ನಲ್ಲಿ ಒಮ್ಮೆ, ‘ಡಿ.ಬಿ. ಪುರ’ದಲ್ಲಿ ಮತ್ತೊಮ್ಮೆ ಕೂತಿರುತ್ತದೆ. ಮೂರು ಸಾಲಿಗೂ ಬೇರೆ ಬೇರೆ ಫೋನ್ ನಂಬರ್. ಮೊದಲನೆಯದಕ್ಕೆ ಫೋನ್ ಮಾಡಿದರೆ ಕಾರ್ಖಾನೆಯ ಹಳೆಯ ಅಕೌಂಟೆಂಟ್ ಎತ್ತುತ್ತಾರೆ, ಕೆಲಸ ಬಿಟ್ಟು ವರ್ಷಗಳಾಗಿವೆ. ಎರಡನೆಯದು ಅಸ್ತಿತ್ವದಲ್ಲೇ ಇಲ್ಲ. ಮೂರನೆಯದು ಸರಿಯಾದ ನಂಬರೇ, ಆದರೆ ಅದೇ ಹಾಳೆ ಕೊಂಡ ಇತರರೂ ಅದಕ್ಕೇ ಫೋನ್ ಮಾಡಿ ಮಾಡಿ ಅತ್ತಲಿನವರು ‘ಹಲೋ’ ಅನ್ನುವ ಮೊದಲೇ ಕತ್ತರಿಸುತ್ತಾರೆ.

ಗಿರಾಕಿ ನಮ್ಮನ್ನು ಹುಡುಕಿ ಬರುವವರೆಗೆ ಕಾಯದೆ ನಾವೇ ಗಿರಾಕಿಯ ಬಾಗಿಲಿಗೆ ಹೋಗುವ ವ್ಯಾಪಾರಕ್ಕೆ ಮೊದಲು ಬೇಕಾದದ್ದು ‘ಯಾರ ಬಾಗಿಲಿಗೆ’ ಎಂಬ ಪಟ್ಟಿ. ಲೀಡ್ ಲಿಸ್ಟ್ ಎನ್ನುತ್ತಾರೆ, ಬರೀ ‘ಡೇಟಾ’ ಎಂದರೂ ಈ ವಲಯದಲ್ಲಿ ಅರ್ಥ ಅದೇ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳು ಅಮೆರಿಕದ ಗಿರಾಕಿಗಳ ಪಟ್ಟಿಯನ್ನು ಲಿಂಕ್ಡ್‌ಇನ್‌ನಿಂದಲೋ, ಇದಕ್ಕೆಂದೇ ಇರುವ ದುಬಾರಿ ಡೇಟಾಬೇಸ್‌ಗಳಿಂದಲೋ ಕೂತಲ್ಲೇ ತೆಗೆಯುತ್ತವೆ. ಅದೇ ಬೆಂಗಳೂರಿನಿಂದ ನಲವತ್ತು ಕಿಲೋಮೀಟರ್ ಆಚೆ, ದೊಡ್ಡಬಳ್ಳಾಪುರದ ಕೈಗಾರಿಕಾ ಪ್ರದೇಶವಾದ ಬಾಶೆಟ್ಟಿಹಳ್ಳಿಯಲ್ಲಿ ಆ ವಿದ್ಯೆ ನಡೆಯುವುದಿಲ್ಲ. ಅಲ್ಲಿನ ಶೆಡ್ಡಿನ ಮಾಲೀಕರಿಗೆ ಲಿಂಕ್ಡ್‌ಇನ್ ಖಾತೆ ಇರುವುದಿಲ್ಲ, ವೆಬ್‌ಸೈಟ್ ಇದ್ದರೂ ಮಗನ ಗೆಳೆಯ ಯಾವತ್ತೋ ಮಾಡಿಕೊಟ್ಟದ್ದು.

ಹಾಗಾದರೆ ಇಲ್ಲಿ ಪಟ್ಟಿ ಹುಟ್ಟುವುದು ಎಲ್ಲಿಂದ? ಬಹುಪಾಲು ರಸ್ತೆಯ ಮೇಲಿಂದ, ಉಳಿದದ್ದು ಸರ್ಕಾರಿ ದಾಖಲೆಗಳಿಂದ. ಎರಡನ್ನೂ ಓದಲು ಬಲ್ಲವರು ಮಾಡಿದ ನೂರೈವತ್ತು ಹೆಸರಿನ ಪಟ್ಟಿಯ ಮುಂದೆ ಕೊಂಡು ತಂದ ನಾಲ್ಕು ಸಾವಿರ ಸಾಲು ನಿಲ್ಲುವುದಿಲ್ಲ.

ಮೊದಲು ಜಾಗ ನೋಡಿ. ಬಾಶೆಟ್ಟಿಹಳ್ಳಿ ಇರುವ ಬೆಂಗಳೂರು ಗ್ರಾಮಾಂತರ ಜಿಲ್ಲೆ ಹುಟ್ಟಿದ್ದು 1986ರಲ್ಲಿ. 2007ರಲ್ಲಿ ರಾಮನಗರ ಬೇರೆಯಾದ ಮೇಲೆ ಉಳಿದದ್ದು ನಾಲ್ಕೇ ತಾಲ್ಲೂಕು. 2025ರ ಜುಲೈನಲ್ಲಿ ನಂದಿಬೆಟ್ಟದಲ್ಲಿ ಸೇರಿದ ಸಚಿವ ಸಂಪುಟ ಜಿಲ್ಲೆಗೆ ‘ಬೆಂಗಳೂರು ಉತ್ತರ’ ಎಂಬ ಹೆಸರಿಡಲು ತೀರ್ಮಾನಿಸಿತು. ರಾಜಕೀಯ ಏನೇ ಇರಲಿ, ಜಿಲ್ಲೆಯ ಹೆಸರಿನ ಮೇಲೆ ಫಿಲ್ಟರ್ ಹಾಕುವವರಿಗೆ ಇನ್ನೊಂದು ತಲೆನೋವು. ಅನುಭವಸ್ಥರು ಊರಿನ ಹೆಸರನ್ನೂ ಜಿಲ್ಲೆಯ ಹೆಸರನ್ನೂ ನಂಬದೆ ಪಿನ್ ಕೋಡ್ ಹಿಡಿಯುತ್ತಾರೆ. ದೊಡ್ಡಬಳ್ಳಾಪುರಕ್ಕೆ 561203, ದೇವನಹಳ್ಳಿಗೆ 562110, ಹೊಸಕೋಟೆಗೆ 562114, ನೆಲಮಂಗಲಕ್ಕೆ 562123, ಅದೇ ತಾಲ್ಲೂಕಿನ ದಾಬಸ್‌ಪೇಟೆಗೆ 562111. 1972ರ ಆಗಸ್ಟ್ 15ರಂದು ಅಂಚೆಯಣ್ಣನ ಅನುಕೂಲಕ್ಕೆಂದು ಬಂದ ಆರು ಅಂಕಿ ಸೇಲ್ಸ್‌ನವರಿಗೂ ದಾರಿ ತೋರಿಸುತ್ತಿದೆ.

ನಾಲ್ಕೂ ತಾಲ್ಲೂಕನ್ನು ಈಗ ಒಂದೇ ಹೆದ್ದಾರಿ ಪೋಣಿಸಿದೆ. ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿ ಹಾಯ್ದು ಹೊಸಕೋಟೆ ಮುಟ್ಟುವ ಉಪನಗರ ವರ್ತುಲ ರಸ್ತೆ, ಅಂದರೆ ರಾಷ್ಟ್ರೀಯ ಹೆದ್ದಾರಿ 948ಎ. ಈ ರಸ್ತೆ ಬರುವ ಮೊದಲು ದಾಬಸ್‌ಪೇಟೆಯ ಗಿರಾಕಿಯನ್ನು ನೋಡಿ ಅದೇ ದಿನ ಹೊಸಕೋಟೆಗೆ ಹೋಗಬೇಕೆಂದರೆ ನಗರದ ಟ್ರಾಫಿಕ್‌ನಲ್ಲಿ ಅರ್ಧ ದಿನ ಕಳೆದುಹೋಗುತ್ತಿತ್ತು.

ರಸ್ತೆ ಒಂದೇ ಆದರೂ ನಾಲ್ಕು ಊರಿನ ಕೊಳ್ಳುವ ಬಗೆ ಬೇರೆ ಬೇರೆ. ನೆಲಮಂಗಲದಲ್ಲಿ ತುಮಕೂರಿನ ದಾರಿ, ಹಾಸನ–ಮಂಗಳೂರಿನ ದಾರಿ ಕವಲೊಡೆಯುತ್ತವೆ. ಹಾಗಾಗಿ ಅದು ಗೋದಾಮುಗಳ ಊರು. ಗೋದಾಮಿಗೆ ಬೇಕಾದ್ದು ರ‍್ಯಾಕು, ಫೋರ್ಕ್‌ಲಿಫ್ಟು, ಪ್ಯಾಲೆಟ್ಟು, ಸುತ್ತುವ ಪ್ಲಾಸ್ಟಿಕ್ಕು. ಯಂತ್ರದ ಬಿಡಿಭಾಗ ಮಾರುವವರಿಗೆ ಅಲ್ಲಿ ಕೆಲಸವಿಲ್ಲ, ಇನ್ನೂ ಮುಂದೆ ಸೋಂಪುರದ ಕೈಗಾರಿಕಾ ಪ್ರದೇಶಕ್ಕೆ ಹೋಗಬೇಕು. ಹೊಸಕೋಟೆ ಕಡೆ 1998ರಲ್ಲಿ ವೋಲ್ವೊ ಲಾರಿ ಕಾರ್ಖಾನೆ ಬಂತು. ಪಿಲ್ಲಗುಂಪದ ಕೈಗಾರಿಕಾ ಪ್ರದೇಶದಲ್ಲಿ ಸಣ್ಣ, ಮಧ್ಯಮ ಘಟಕಗಳು ಒತ್ತೊತ್ತಾಗಿವೆ. ದೇವನಹಳ್ಳಿಯ ಲೆಕ್ಕವೇ ಬೇರೆ. 2008ರ ಮೇ 24ರಂದು ವಿಮಾನ ನಿಲ್ದಾಣ ಶುರುವಾಯಿತು, 2024ರ ಜನವರಿಯಲ್ಲಿ ಏರೋಸ್ಪೇಸ್ ಪಾರ್ಕಿನಲ್ಲಿ ಬೋಯಿಂಗ್‌ನ 43 ಎಕರೆಯ ಕ್ಯಾಂಪಸ್ ಉದ್ಘಾಟನೆಯಾಯಿತು, 2023ರಲ್ಲಿ ಸುಮಾರು 300 ಎಕರೆ ಭೂಮಿ ಪಡೆದ ಫಾಕ್ಸ್‌ಕಾನ್ ಐಫೋನ್ ಜೋಡಿಸಲು ಬಂದಿತು. ಹೆಸರು ದೊಡ್ಡದಿದ್ದಷ್ಟೂ ಆಸೆ ದೊಡ್ಡದು. ಆದರೆ ಅಂಥ ಕಂಪನಿಯ ಖರೀದಿ ತೀರ್ಮಾನ ದೇವನಹಳ್ಳಿಯ ಗೇಟಿನ ಒಳಗೆ ಆಗುವುದೇ ಅಪರೂಪ, ಇನ್ನೆಲ್ಲೋ ಆಗಿರುತ್ತದೆ. ಹೊಸ ಹುಡುಗರು ಪಟ್ಟಿಯ ತಲೆಗೆ ಈ ಹೆಸರುಗಳನ್ನೇ ಬರೆಯುತ್ತಾರೆ. ಹಳಬರು ಈ ದೊಡ್ಡವರಿಗೆ ಮಾಲು ಒದಗಿಸುವ ಎರಡನೇ, ಮೂರನೇ ಸಾಲಿನ ವೆಂಡರ್‌ಗಳು ಯಾರು ಎಂದು ಕೇಳುತ್ತಾ ಹೋಗುತ್ತಾರೆ.

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಪೀಣ್ಯದಲ್ಲಿ ಏರ್ ಕಂಪ್ರೆಸರ್‌ಗಳ ಸರ್ವಿಸ್ ಮಾಡುವ, ಫಿಲ್ಟರು ಎಣ್ಣೆ ಮಾರುವ ಒಂದು ಚಿಕ್ಕ ಸಂಸ್ಥೆ ಇದೆ ಎಂದುಕೊಳ್ಳಿ. ಒಬ್ಬ ಮಾಲೀಕ, ಇಬ್ಬರು ಮೆಕ್ಯಾನಿಕ್ಕು, ಬೈಕಿನಲ್ಲಿ ಓಡಾಡುವ ಒಬ್ಬ ಸೇಲ್ಸ್ ಹುಡುಗ. ಗ್ರಾಮಾಂತರದಲ್ಲಿ ಹೊಸ ಗಿರಾಕಿ ಬೇಕು. ಹುಡುಗ ದಿನಕ್ಕೆ ಆರು ಗೇಟು ಮುಟ್ಟಬಲ್ಲ, ತಿಂಗಳಿಗೆ 25 ದಿನದಂತೆ 150 ಗೇಟು. ಮೊದಲ ಭೇಟಿಯಲ್ಲಿ ಯಾರೂ ಆರ್ಡರ್ ಕೊಡುವುದಿಲ್ಲ, ಕೊಟೇಶನ್ ಕೇಳುವ ಹೊತ್ತಿಗೆ ಮೂರು ಸಲವಾದರೂ ಹೋಗಿರಬೇಕು. ಅಂದರೆ 150 ಹೆಸರಿದ್ದರೆ ಮೂರು ತಿಂಗಳ ದುಡಿಮೆ. ನಾಲ್ಕು ಸಾವಿರ ಸಾಲಿನ ಹಾಳೆ ಅವನಿಗೆ ಯಾತಕ್ಕೆ? ಅವನಿಗೆ ಬೇಕಾದದ್ದು ಆ ನಾಲ್ಕು ಸಾವಿರದಲ್ಲಿ ಯಾರನ್ನು ಬಿಡಬೇಕು ಎಂಬ ತಿಳಿವಳಿಕೆ.

ಕಂಪ್ರೆಸರ್ ಯಾರಿಗೆ ಬೇಕು ಎಂಬಲ್ಲಿಂದ ಜರಡಿ ಶುರು. ಏರ್‌ಜೆಟ್ ಮಗ್ಗ ಇರುವ ಜವಳಿ ಘಟಕ, ಔಷಧ ಕಾರ್ಖಾನೆ, ಆಹಾರ ಪ್ಯಾಕಿಂಗ್, ನೀರಿನ ಬಾಟಲಿ ಊದುವವರು, ಸಿಎನ್‌ಸಿ ಜಾಬ್‌ವರ್ಕ್ ಮಾಡುವವರು. ಔಷಧ ಮತ್ತು ಆಹಾರದವರಲ್ಲಿ ಗಾಳಿಗೆ ಎಣ್ಣೆ ಸೋಕಬಾರದ ಕಡೆ ಆಯಿಲ್‌ಫ್ರೀ ಯಂತ್ರ ಇರುತ್ತದೆ. ನಮ್ಮ ಹುಡುಗನ ಮೆಕ್ಯಾನಿಕ್‌ಗಳಿಗೆ ಅದು ಬರುವುದಿಲ್ಲ ಎಂದರೆ ಆ ಗುಂಪನ್ನು ಕಣ್ಣುಮುಚ್ಚಿ ಹೊಡೆದುಹಾಕಬೇಕು. ಉಳಿದವರನ್ನು ಹುಡುಕಿಕೊಂಡು ಅವನು ದೊಡ್ಡಬಳ್ಳಾಪುರದ ಬಾಶೆಟ್ಟಿಹಳ್ಳಿ, ಓಬದೇನಹಳ್ಳಿ, ಅಪೆರಲ್ ಪಾರ್ಕು ಸುತ್ತಬೇಕು.

ಇಲ್ಲಿ ಅವನಿಗೆ ಮೊದಲು ನೆರವಾಗುವುದು ಗೇಟಿನ ಬೋರ್ಡು. ಜಿಎಸ್‌ಟಿ ನಿಯಮಗಳ 18ನೇ ನಿಯಮದ ಪ್ರಕಾರ ನೋಂದಾಯಿತ ವ್ಯಾಪಾರಿ ತನ್ನ ಜಿಎಸ್‌ಟಿ ಸಂಖ್ಯೆಯನ್ನು ಬಾಗಿಲ ಹೆಸರಿನ ಫಲಕದ ಮೇಲೆ ಬರೆಸಲೇಬೇಕು. 15 ಅಕ್ಷರದ ಆ ಸಂಖ್ಯೆಯಲ್ಲಿ ಮೊದಲ ಎರಡು ರಾಜ್ಯದ್ದು, ಕರ್ನಾಟಕಕ್ಕೆ 29. ಮುಂದಿನ ಹತ್ತು ಮಾಲೀಕನ ಅಥವಾ ಸಂಸ್ಥೆಯ ಪ್ಯಾನ್. ಪ್ಯಾನ್‌ನ ನಾಲ್ಕನೆಯ ಅಕ್ಷರದಲ್ಲಿ, ಎಂದರೆ ಬೋರ್ಡಿನ ಮೇಲಿನ ಆರನೆಯದರಲ್ಲಿ, ಗುಟ್ಟಿದೆ. ಅಲ್ಲಿ ‘ಸಿ’ ಇದ್ದರೆ ಕಂಪನಿ, ‘ಎಫ್’ ಇದ್ದರೆ ಪಾಲುದಾರಿಕೆ ಸಂಸ್ಥೆ, ‘ಪಿ’ ಇದ್ದರೆ ಒಬ್ಬನೇ ವ್ಯಕ್ತಿಯ ವ್ಯವಹಾರ. ಬೈಕಿನಿಂದ ಇಳಿಯದೆಯೇ ಹುಡುಗನಿಗೆ ಒಳಗೆ ಪರ್ಚೇಸ್ ಡಿಪಾರ್ಟ್‌ಮೆಂಟ್ ಇದೆಯೋ, ಓನರ್ ಒಬ್ಬರೇ ಎಲ್ಲವನ್ನೂ ನೋಡಿಕೊಳ್ಳುತ್ತಾರೋ ಎಂಬ ಅಂದಾಜು ಸಿಕ್ಕಿಬಿಡುತ್ತದೆ. ಆ ಸಂಖ್ಯೆಯನ್ನು ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿದರೆ ನೋಂದಣಿಯಾದ ತಾರೀಖು, ವಿಳಾಸ, ಯಾವ ಬಗೆಯ ವ್ಯವಹಾರ, ನೋಂದಣಿ ಚಾಲ್ತಿಯಲ್ಲಿದೆಯೋ ರದ್ದಾಗಿದೆಯೋ ಎಲ್ಲ ಬರುತ್ತದೆ. ಫೋನ್ ನಂಬರ್ ಮಾತ್ರ ಬರುವುದಿಲ್ಲ, ಬರಬಾರದು ಕೂಡ.

ಇನ್ನೊಂದು ಬೋರ್ಡಿದೆ. ಅದನ್ನು ಓದುವ ಸೇಲ್ಸ್‌ನವರು ಕಡಿಮೆ. ಅಪಾಯಕಾರಿ ತ್ಯಾಜ್ಯ ಇರುವ ಕಾರ್ಖಾನೆಗಳು ಅದರ ವಿವರವನ್ನು ಮುಖ್ಯ ಗೇಟಿನ ಹೊರಗೆ ಫಲಕದಲ್ಲಿ ಹಾಕಬೇಕೆಂದು 2003ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಊರಿನವರಿಗೆ ಪಕ್ಕದಲ್ಲೇನಿದೆ ಗೊತ್ತಾಗಲಿ ಎಂಬುದು ಉದ್ದೇಶ. ಬಣ್ಣ ಮಾಸಿದ ಆ ಫಲಕದಲ್ಲಿ ‘5.1’ ಎಂಬ ಸಾಲು ಹುಡುಕಿ. ಬಳಸಿ ಬಿಟ್ಟ ಎಣ್ಣೆಗೆ ನಿಯಮಾವಳಿಯಲ್ಲಿ ಕೊಟ್ಟಿರುವ ಅಂಕಿ ಅದು. ವರ್ಷಕ್ಕೆ ಇಷ್ಟು ಲೀಟರ್ ಎಂದು ಪಕ್ಕದಲ್ಲಿ ಬರೆದಿರುತ್ತಾರೆ. ಡೀಸೆಲ್ ಜನರೇಟರ್ ಇದ್ದ ಕಡೆಯೂ 5.1 ಇರುವುದರಿಂದ ಅಂಕಿ ಕಂಡ ತಕ್ಷಣ ಹಿಗ್ಗಬೇಕಿಲ್ಲ, ಪ್ರಮಾಣ ನೋಡಬೇಕು. ಜನರೇಟರಿಗೆ ಮೀರಿದ ಎಣ್ಣೆ ಖರ್ಚಾಗುತ್ತಿದ್ದರೆ ಒಳಗೆ ಹೈಡ್ರಾಲಿಕ್ ಪ್ರೆಸ್ಸೋ, ದೊಡ್ಡ ಸ್ಕ್ರೂ ಕಂಪ್ರೆಸರೋ ಇದೆ. ಗೇಟಿನ ಹತ್ತಿರ ಎರಡು ನಿಮಿಷ ನಿಂತು ಕಿವಿಗೊಟ್ಟರೆ ಲೋಡ್ ಬಿಡುವಾಗಿನ ‘ಫುಸ್’ ಸದ್ದು ಕೇಳುತ್ತದೆ. ಎಷ್ಟು ಹೊತ್ತಿಗೊಮ್ಮೆ ಆ ಸದ್ದು ಬರುತ್ತದೆ ಎಂಬುದರಿಂದ ಯಂತ್ರ ಅಗತ್ಯಕ್ಕಿಂತ ದೊಡ್ಡದೋ ಅಲ್ಲವೋ ಎಂದು ಊಹಿಸುವ ಮೆಕ್ಯಾನಿಕ್‌ಗಳೂ ಇದ್ದಾರೆ. ಇದೇ ಫಲಕವನ್ನು ಕೆರೆ ಉಳಿಸಲು ಹೋರಾಡುವವರೂ ಓದುತ್ತಾರೆ. ಬಾಶೆಟ್ಟಿಹಳ್ಳಿಯ ಕೈಗಾರಿಕಾ ತ್ಯಾಜ್ಯ, ದೊಡ್ಡಬಳ್ಳಾಪುರದ ಚರಂಡಿ ನೀರು ಎರಡೂ ಸೇರಿ ಚಿಕ್ಕತುಮಕೂರು, ದೊಡ್ಡತುಮಕೂರು ಕೆರೆಗಳು ಹಾಳಾದವೆಂದು ಆ ಊರಿನವರು ವರ್ಷಗಳಿಂದ ಬೀದಿಗಿಳಿದಿದ್ದಾರೆ. ಫಲಕ ನಿಂತಿರುವುದು ಅವರಿಗಾಗಿ. ನಮ್ಮ ಕಂಪ್ರೆಸರ್ ಹುಡುಗ ಅದರ ಲಾಭ ಪಡೆಯುತ್ತಿದ್ದಾನೆ, ಅಷ್ಟೆ.

ಬೋರ್ಡು ಇದೆ ಎಂದ ಮಾತ್ರಕ್ಕೆ ಕಾರ್ಖಾನೆ ನಡೆಯುತ್ತಿದೆ ಎಂದಲ್ಲ. ಬಾಡಿಗೆ ಶೆಡ್ಡಿನ ಘಟಕಗಳು ಆಗಾಗ ಜಾಗ ಬದಲಿಸುತ್ತವೆ, ಫಲಕ ಅಲ್ಲೇ ತೂಗುತ್ತಿರುತ್ತದೆ. ಇದನ್ನು ಪರೀಕ್ಷಿಸಲು ನನಗೆ ಗೊತ್ತಿರುವ ಒಳ್ಳೆಯ ದಾರಿ ಭವಿಷ್ಯನಿಧಿಯದು. ಇಪಿಎಫ್‌ಒ ಜಾಲತಾಣದಲ್ಲಿ ಸಂಸ್ಥೆಯ ಹೆಸರು ಹುಡುಕಿದರೆ ಯಾವ ತಿಂಗಳು ಎಷ್ಟು ನೌಕರರ ಪಿಎಫ್ ಕಟ್ಟಲಾಗಿದೆ ಎಂಬುದು ಸಾರ್ವಜನಿಕವಾಗಿಯೇ ಸಿಗುತ್ತದೆ. ಹೋದ ವರ್ಷ ಅರವತ್ತು ಜನರಿದ್ದ ಕಡೆ ಈಗ ಹದಿನಾಲ್ಕು ಜನರಿದ್ದರೆ ಸರ್ವಿಸ್ ಕಾಂಟ್ರಾಕ್ಟ್ ಮಾರಲು ಹೋಗುವುದು ವ್ಯರ್ಥ. ಅರವತ್ತು ಇದ್ದದ್ದು ನೂರಿಪ್ಪತ್ತು ಆಗಿದ್ದರೆ ನಾಳೆ ಬೆಳಿಗ್ಗೆಯೇ ಹೊರಡಬೇಕು. ಕಂಪನಿಯಾಗಿದ್ದರೆ ಇನ್ನೊಂದು ಸುಳಿವು ಉಂಟು. ಆಸ್ತಿ ಒತ್ತೆಯಿಟ್ಟು ಸಾಲ ಪಡೆದ ಕಂಪನಿ ಅದನ್ನು ಕಂಪನಿ ವ್ಯವಹಾರಗಳ ಸಚಿವಾಲಯದಲ್ಲಿ ‘ಚಾರ್ಜ್’ ಎಂದು ದಾಖಲಿಸಬೇಕು. ಹೊಸ ಚಾರ್ಜ್ ಬಿತ್ತೆಂದರೆ ಹಲವು ಸಲ ಹೊಸ ಯಂತ್ರವೋ ಹೊಸ ಶೆಡ್ಡೋ ಬರುತ್ತಿದೆ ಎಂದರ್ಥ. ಆದರೆ ‘ಪಿ’ ಮತ್ತು ‘ಎಫ್’ ಅಕ್ಷರದವರು ಈ ಬಲೆಗೆ ಬೀಳುವುದಿಲ್ಲ.

ಸರ್ಕಾರದ ಏಕಗವಾಕ್ಷಿ ಸಮಿತಿಗಳ ಮಂಜೂರಾತಿಯೂ ಪಟ್ಟಿಯ ಇನ್ನೊಂದು ಮೂಲ. 15 ಕೋಟಿ ರೂಪಾಯಿವರೆಗಿನ ಯೋಜನೆಗಳು ಜಿಲ್ಲಾ ಮಟ್ಟದ ಸಮಿತಿಗೆ, ಅದಕ್ಕೂ ಮೇಲೆ 500 ಕೋಟಿವರೆಗಿನವು ರಾಜ್ಯ ಮಟ್ಟದ ಸಮಿತಿಗೆ. ಪತ್ರಿಕೆಗಳಲ್ಲಿ ಹೆಸರು ಬರುತ್ತದೆ. ಹೂಡಿಕೆದಾರರ ಸಮಾವೇಶದ ಒಡಂಬಡಿಕೆಗಳ ಪಟ್ಟಿಯೂ ಬರುತ್ತದೆ, ಲಕ್ಷ ಕೋಟಿಗಳ ಲೆಕ್ಕದಲ್ಲಿ. ಜಿಲ್ಲಾ ಸಮಿತಿಯ ಪಟ್ಟಿ ಹಿಡಿದು ಹೊರಟವರಿಗೆ ಎರಡು ವರ್ಷದಲ್ಲಿ ಏನಾದರೂ ಗಿಟ್ಟೀತು. ಒಡಂಬಡಿಕೆ ಪಟ್ಟಿ ಹಿಡಿದು ಹೊರಟವರು ಖಾಲಿ ನಿವೇಶನದ ಕಾಂಪೌಂಡ್ ಗೋಡೆ ನೋಡಿಕೊಂಡು ವಾಪಸಾಗುವುದೇ ಹೆಚ್ಚು.

ಇಷ್ಟೆಲ್ಲ ಆದ ಮೇಲೂ ಪಟ್ಟಿಯಲ್ಲಿ ಇರುವುದು ಕಾರ್ಖಾನೆಯ ಹೆಸರು. ಮನುಷ್ಯನ ಹೆಸರಿಲ್ಲ.

ಗೇಟಿನಲ್ಲಿ ಸೆಕ್ಯುರಿಟಿಯವರ ಮುಂದೆ ಉದ್ದನೆಯ ರಿಜಿಸ್ಟರ್ ಇರುತ್ತದೆ. ಹೆಸರು, ಕಂಪನಿ, ಯಾರನ್ನು ನೋಡಬೇಕು, ಗಾಡಿ ನಂಬರ್, ಒಳಬಂದ ಹೊತ್ತು, ಹೊರಹೋದ ಹೊತ್ತು, ಸಹಿ. ಮೂರನೆಯ ಕಾಲಮ್ಮಿಗೆ ಉತ್ತರ ಗೊತ್ತಿಲ್ಲದವನಿಗೆ ಒಳಗೆ ಜಾಗವಿಲ್ಲ. ‘ಪರ್ಚೇಸ್‌ನವರು’ ಎಂದರೆ ‘ಯಾರು, ಹೆಸರು ಹೇಳಿ’ ಎಂಬ ಮರುಪ್ರಶ್ನೆ. ಹೆಸರು ಸಿಗುವುದು ಸಾಮಾನ್ಯವಾಗಿ ಹೊರಗಿನ ಟೀ ಅಂಗಡಿಯಲ್ಲಿ. ಶಿಫ್ಟ್ ಬಿಡುವ ಹೊತ್ತಿಗೆ ಅಲ್ಲಿ ನಿಂತರೆ ಒಂದು ಚಹಾದ ಮೇಲೆ ಮೇಂಟೆನೆನ್ಸ್ ಯಾರ ಕೈಲಿದೆ, ಯಾವ ಬ್ರ್ಯಾಂಡಿನ ಯಂತ್ರ, ಈಗಿನ ಸರ್ವಿಸ್‌ನವರ ಮೇಲೆ ಅಸಮಾಧಾನ ಇದೆಯೋ ಎಲ್ಲ ತಿಳಿಯುತ್ತದೆ. ಇಲ್ಲೊಂದು ಸೂಕ್ಷ್ಮವಿದೆ. ಆರ್ಡರ್‌ಗೆ ಸಹಿ ಹಾಕುವವರು ಪರ್ಚೇಸ್‌ನವರಾದರೂ ಬೇಕು ಎಂದು ಕೇಳುವವರು ಮೇಂಟೆನೆನ್ಸ್‌ನವರು. ‘ವೆಂಡರ್ ಕೋಡ್’ ಕೊಡುವುದು ಇನ್ನಾರೋ, ಬಿಲ್ಲು ಪಾಸು ಮಾಡುವುದು ಅಕೌಂಟ್ಸ್‌ನವರು. ಕಾರ್ಖಾನೆ ಬಾಶೆಟ್ಟಿಹಳ್ಳಿಯಲ್ಲಿದ್ದರೂ ಓನರ್ ರಾಜಾಜಿನಗರದಲ್ಲೋ ಬಸವೇಶ್ವರನಗರದಲ್ಲೋ ಇದ್ದು ಹನ್ನೊಂದು ಗಂಟೆಗೆ ಬರುತ್ತಾರೆ, ನಾಲ್ಕಕ್ಕೆ ಹೊರಡುತ್ತಾರೆ. ಈ ವಿವರಗಳಿಲ್ಲದ ಪಟ್ಟಿಗೆ ಟೆಲಿಫೋನ್ ಡೈರೆಕ್ಟರಿಗಿಂತ ಹೆಚ್ಚಿನ ಬೆಲೆ ಇಲ್ಲ.

ಯಾವಾಗ ಹೋಗಬೇಕು ಎಂಬುದೂ ಪಟ್ಟಿಯ ಭಾಗವೇ. ದೊಡ್ಡ ಕಂಪನಿಗಳ ವಾರ್ಷಿಕ ನಿರ್ವಹಣೆಯ ಒಪ್ಪಂದ ಮಾರ್ಚ್ ಹತ್ತಿರ ನವೀಕರಣವಾಗುತ್ತದೆ, ಜನವರಿಯಲ್ಲಿ ಮುಖ ತೋರಿಸಿರಬೇಕು. ಓನರ್ ನಡೆಸುವ ಘಟಕಗಳಿಗೆ ಬೇರೆ ಪಂಚಾಂಗ. ಆಷಾಢದಲ್ಲಿ ಹೊಸ ಯಂತ್ರಕ್ಕೆ ಮುಂಗಡ ಕೊಡುವವರು ಕಡಿಮೆ. ಶ್ರಾವಣ ಬರಲಿ ಎನ್ನುತ್ತಾರೆ, ಶ್ರಾವಣ ಬಂದರೆ ಆಯುಧಪೂಜೆಗೆ ಯಂತ್ರ ಬಂದಿಳಿಯಲಿ ಎನ್ನುತ್ತಾರೆ. ಹೊರರಾಜ್ಯದಿಂದ ಬಂದ ಸೇಲ್ಸ್ ಮ್ಯಾನೇಜರ್‌ಗಳು ಜುಲೈ ತಿಂಗಳ ಟಾರ್ಗೆಟ್ ಯಾಕೆ ಮುಟ್ಟಲಿಲ್ಲ ಎಂದು ಹುಡುಗರ ಮೇಲೆ ರೇಗುವಾಗ ಕ್ಯಾಲೆಂಡರ್ ತಿರುವಿ ನೋಡಿದರೆ ಸಾಕಿತ್ತು.

ಕೈಗಾರಿಕಾ ಪ್ರದೇಶ ಬಿಟ್ಟು ದೊಡ್ಡಬಳ್ಳಾಪುರದ ಊರೊಳಗೆ ಕಾಲಿಟ್ಟರೆ ಮೇಲೆ ಹೇಳಿದ ಯಾವ ವಿದ್ಯೆಯೂ ಕೆಲಸಕ್ಕೆ ಬಾರದು. ಇದು ವಿದ್ಯುತ್ ಮಗ್ಗಗಳ ಊರು. ಮಗ್ಗ ಮನೆಯೊಳಗೇ ಇರುತ್ತದೆ, ಮುಂದಿನ ಕೋಣೆಯಲ್ಲೋ ಹಿತ್ತಿಲ ಶೆಡ್ಡಿನಲ್ಲೋ. ಬೋರ್ಡಿಲ್ಲ, ಗೇಟಿಲ್ಲ, ಪರ್ಚೇಸ್ ಡಿಪಾರ್ಟ್‌ಮೆಂಟ್ ಎಂದರೆ ಮನೆಯ ಯಜಮಾನ. ರಟ್ಟಿನ ಕಾರ್ಡ್ ಪಂಚ್ ಮಾಡಿ ಡಿಸೈನ್ ತರುವ ಹಳೆಯ ಜಕಾರ್ಡ್ ಬದಲು ಕಂಪ್ಯೂಟರ್ ಡಿಸೈನ್ ನೇರ ಓದುವ ಎಲೆಕ್ಟ್ರಾನಿಕ್ ಜಕಾರ್ಡ್ ಮಾರುವವರು ಇಲ್ಲಿ ಗಿರಾಕಿಯನ್ನು ಹುಡುಕುವುದು ಕಿವಿಯಿಂದ. ಬೀದಿಯಲ್ಲಿ ನಡೆಯುತ್ತಾ ಹೋದರೆ ಎಷ್ಟು ಮಗ್ಗ ಓಡುತ್ತಿವೆ ಎಂಬುದು ಸದ್ದಿನಲ್ಲೇ ಗೊತ್ತಾಗುತ್ತದೆ. ಹೊರಗೋಡೆಯ ಮೇಲಿನ ಬೆಸ್ಕಾಂ ಮೀಟರು ತ್ರೀಫೇಸ್ ಆಗಿದ್ದರೆ ಊಹೆ ಗಟ್ಟಿಯಾಗುತ್ತದೆ. ಮೀಟರಿನ ಪಕ್ಕ ಬಿಳಿ ಬಣ್ಣದಲ್ಲಿ ಬರೆದ ಆರ್‌ಆರ್ ನಂಬರ್ ಎರಡಿದ್ದರೆ ಒಂದು ಮನೆಯದು, ಇನ್ನೊಂದು ಮಗ್ಗದ್ದು ಎಂದು ಲೆಕ್ಕ.

ಆದರೂ ಸದ್ದು ಕೇಳಿದ ಮನೆಗಳನ್ನೆಲ್ಲ ಪಟ್ಟಿಗೆ ಹಾಕಿಕೊಂಡವರು ಪೇಚಾಡುತ್ತಾರೆ. ಮಗ್ಗ ಯಜಮಾನನದೇ ಆದರೂ ಅದರ ಮೇಲೆ ಏನು ನೇಯಬೇಕು ಎಂಬುದು ಎಷ್ಟೋ ಸಲ ಅವನ ಕೈಯಲ್ಲಿಲ್ಲ. ಸೀರೆ ಕೊಳ್ಳುವ ಚಿಕ್ಕಪೇಟೆಯ ಸಾಹುಕಾರರು ಈ ಡಿಸೈನ್ ಓಡುತ್ತಿಲ್ಲ ಎಂದರೆ ಜಕಾರ್ಡ್ ಮಾತು ಅಲ್ಲಿಗೇ ನಿಂತಿತು. ಯಾರಿಗೆ ಕೊಂಡುಕೊಳ್ಳುವ ತಾಕತ್ತಿದೆ, ಯಾರು ಕಂತು ಕಟ್ಟುತ್ತಾರೆ ಎಂಬುದು ನಿಜವಾಗಿ ಗೊತ್ತಿರುವುದು ರೇಷ್ಮೆ ನೂಲು, ಜರಿ ಸಾಲ ಕೊಡುವ ಅಂಗಡಿಯವರಿಗೆ. ಈ ಊರಿನ ಅತ್ಯಂತ ನಿಖರವಾದ ಲೀಡ್ ಲಿಸ್ಟ್ ಅವರ ಲೆಕ್ಕದ ಪುಸ್ತಕದಲ್ಲಿದೆ. ಅದನ್ನು ಅವರು ಯಾರಿಗೂ ತೋರಿಸುವುದಿಲ್ಲ, ತೋರಿಸಬೇಕಾಗಿಯೂ ಇಲ್ಲ. ಜಕಾರ್ಡ್ ಮಾರುವವರು ಬುದ್ಧಿವಂತರಾಗಿದ್ದರೆ ನೂರು ಮನೆ ಸುತ್ತುವ ಬದಲು ಅಂಥ ಇಬ್ಬರ ವಿಶ್ವಾಸ ಗಳಿಸುತ್ತಾರೆ.

ವ್ಯಾಪಾರಿಯ ಪಟ್ಟಿ ಗುಟ್ಟಾಗಿರುವುದು ಹೊಸತೇನಲ್ಲ. ಹುಣಸೆ ಬೀಜದ ಅಂಟು, ಇದ್ದಿಲು ಬಳಿದ ಬಟ್ಟೆಯನ್ನು ಮಡಿಕೆ ಮಾಡಿ ಬಳಪದಲ್ಲಿ ಬರೆಯುತ್ತಿದ್ದ ಕಡತಗಳ ಕಾಲದಿಂದಲೂ ಯಾರು ಯಾವ ಮಾಲು ಕೊಳ್ಳುತ್ತಾರೆ, ಯಾರ ಬಾಕಿ ಎಷ್ಟು ಎಂಬುದು ಅಂಗಡಿಯ ಒಳಗಿನ ಮಾತು. ಹೊರಗಿನವರು ಬಂದು ಎಲ್ಲರ ಕಸುಬನ್ನೂ ಪಟ್ಟಿ ಮಾಡಿಕೊಂಡು ಹೋದದ್ದು 1800ರಲ್ಲಿ. ಟಿಪ್ಪು ಸತ್ತ ಮರುವರ್ಷ ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಮದರಾಸಿನಿಂದ ಹೊರಟು ಮೈಸೂರು ಸೀಮೆ ಸುತ್ತಿದ. ಬೆಂಗಳೂರಿನ ನೇಕಾರರು ಯಾರು, ಬಣ್ಣ ಹಾಕುವವರು ಯಾರು, ಎಣ್ಣೆ ಗಾಣ ಎಷ್ಟು ಬಗೆ, ಮಾಲು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂದು ಕೇಳಿ ಕೇಳಿ ಬರೆದುಕೊಂಡ. ಈ ಕಡೆಯ ಬಳ್ಳಾಪುರಗಳನ್ನೂ ಹಾದುಹೋದ. 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾದ ಆ ವರದಿಯನ್ನು ನಾವು ಇತಿಹಾಸದ ಆಕರವೆಂದು ಓದುತ್ತೇವೆ. ಅವನನ್ನು ಕಳಿಸಿದ ಈಸ್ಟ್ ಇಂಡಿಯಾ ಕಂಪನಿಗೆ ಅದು ಮಾರುಕಟ್ಟೆ ಸಮೀಕ್ಷೆಯೂ ಆಗಿತ್ತು.

ಟೆಲಿಫೋನ್ ಬಂದ ಮೇಲೆ ಪಟ್ಟಿ ಯಾರ ಸೊತ್ತು ಎಂಬ ಜಗಳ ಕೋರ್ಟ್ ಮೆಟ್ಟಿಲೇರಿತು. ಮುಂಬೈಯಲ್ಲಿ ಟಾಟಾ ಪ್ರೆಸ್ ಸಂಸ್ಥೆ ಹಳದಿ ಹಾಳೆಗಳ ವ್ಯಾಪಾರಿ ಡೈರೆಕ್ಟರಿ ಅಚ್ಚು ಹಾಕಿದಾಗ ಟೆಲಿಫೋನ್ ಡೈರೆಕ್ಟರಿ ಪ್ರಕಟಿಸುವ ಹಕ್ಕು ತನ್ನದು ಮಾತ್ರ ಎಂದು ಸರ್ಕಾರಿ ಸ್ವಾಮ್ಯದ ಎಂಟಿಎನ್‌ಎಲ್ ಹೋರಾಡಿತು. 1995ರಲ್ಲಿ ಸುಪ್ರೀಂ ಕೋರ್ಟ್ ಟಾಟಾ ಪ್ರೆಸ್ ಪರ ತೀರ್ಪು ಕೊಟ್ಟಿತು. ಜಾಹೀರಾತು ಕೂಡ ವಾಕ್ ಸ್ವಾತಂತ್ರ್ಯದೊಳಗೆ ಬರುತ್ತದೆ ಎಂದು ಅದು ಹೇಳಿದ್ದು ಆ ಪ್ರಕರಣದಲ್ಲೇ. ಮರುವರ್ಷ, 1996ರಲ್ಲಿ, ಜಸ್ಟ್‌ಡಯಲ್ಲೂ ಇಂಡಿಯಾಮಾರ್ಟೂ ಶುರುವಾದವು. ಹಳದಿ ಹಾಳೆ ಎಲ್ಲರಿಗೂ ಒಂದೇ ಪಟ್ಟಿ ಕೊಡುತ್ತಿತ್ತು. ಈ ಹೊಸಬರು ಯಾರೋ ಒಬ್ಬ ‘ನನಗೆ ಕಂಪ್ರೆಸರ್ ಬೇಕು’ ಎಂದು ಕೇಳಿದ ಕ್ಷಣವನ್ನೇ ಹಲವರಿಗೆ ಮಾರುವುದನ್ನು ಕಲಿತರು. ಗ್ರಾಮಾಂತರದ ಸಣ್ಣ ವ್ಯಾಪಾರಿಗಳ ದೂರು ಇರುವುದೂ ಅಲ್ಲೇ: ಒಂದೇ ಎನ್‌ಕ್ವೈರಿಗೆ ನಾಲ್ಕಾರು ಮಂದಿ ಮುಗಿಬಿದ್ದು, ಕೊನೆಗೆ ಕೊಳ್ಳುವವನು ದರ ತಿಳಿದುಕೊಂಡು ಸುಮ್ಮನಾಗುತ್ತಾನೆ.

ಇಲ್ಲಿಯವರೆಗೆ ಕಾರ್ಖಾನೆಯ ಮಾತಾಯಿತು. ಈ ಜಿಲ್ಲೆಯಲ್ಲಿ ಇನ್ನೊಂದು ಪಟ್ಟಿ ತಯಾರಾಗುತ್ತದೆ, ಅದರಲ್ಲಿ ಇರುವುದು ರೈತರ ಹೆಸರು. 1966ರ ಕರ್ನಾಟಕ ಕೈಗಾರಿಕಾ ಪ್ರದೇಶಗಳ ಅಭಿವೃದ್ಧಿ ಕಾಯಿದೆಯಡಿ ಭೂಮಿ ವಶಪಡಿಸಿಕೊಳ್ಳುವಾಗ 28(1)ರ ಪ್ರಾಥಮಿಕ ಅಧಿಸೂಚನೆ, ಆಮೇಲೆ 28(4)ರ ಅಂತಿಮ ಅಧಿಸೂಚನೆ ಹೊರಡುತ್ತವೆ. ಗ್ರಾಮ, ಸರ್ವೆ ನಂಬರ್, ಖಾತೆದಾರರ ಹೆಸರು, ಅನುಭವದಾರರ ಹೆಸರು, ವಿಸ್ತೀರ್ಣ ಎಕರೆ–ಗುಂಟೆಗಳಲ್ಲಿ. ಆಕ್ಷೇಪಣೆ ಇದ್ದವರು ಹೇಳಿಕೊಳ್ಳಲಿ ಎಂದು ಕಾನೂನು ಇದನ್ನು ಬಹಿರಂಗ ಮಾಡುತ್ತದೆ. ಯಾರ ಕೈಗೆ ಎಷ್ಟು ದುಡ್ಡು ಬರಲಿದೆ ಎಂದು ಗುಣಿಸಿ ನೋಡಲು ಬ್ಯಾಂಕಿನ ಡೆಪಾಸಿಟ್ ಟಾರ್ಗೆಟ್ ಇರುವವರಿಗೆ, ವಿಮೆ ಏಜೆಂಟರಿಗೆ, ಕಾರಿನ ಷೋರೂಮಿನವರಿಗೆ, ಸೈಟು ದಲ್ಲಾಳಿಗಳಿಗೆ ಅಷ್ಟು ಸಾಕು. ದೇವನಹಳ್ಳಿ ಸುತ್ತಿನ ಹಳ್ಳಿಗಳಲ್ಲಿ ಪರಿಹಾರದ ಹಣ ಬರುವ ಮೊದಲೇ ಅದನ್ನು ಖರ್ಚು ಮಾಡಿಸುವವರು ಅಂಗಳಕ್ಕೆ ಬಂದಿರುತ್ತಾರೆ. ಎರಡು ಎಕರೆ ರಾಗಿ ಹೊಲ ಇದ್ದಾಗ ಯಾವ ಪಟ್ಟಿಯಲ್ಲೂ ಇಲ್ಲದಿದ್ದವರು ಹೊಲ ಹೋಗುತ್ತದೆ ಎಂದಾಗ ‘ಹಾಟ್ ಲೀಡ್’ ಆಗಿಬಿಡುತ್ತಾರೆ. ಸೇಲ್ಸ್‌ನವರ ಚಾತುರ್ಯವನ್ನು ಇಷ್ಟು ಹೊತ್ತು ಮೆಚ್ಚಿ ಬರೆದವನಿಗೆ ಈ ಜಾಗದಲ್ಲಿ ಮೆಚ್ಚುಗೆ ಬರುವುದಿಲ್ಲ.

ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಯ ವಿಷಯದಲ್ಲಿ ರೈತರು 2022ರಿಂದ ಧರಣಿ ಕೂತರು. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಭೂಸ್ವಾಧೀನ ಕೈಬಿಡುವುದಾಗಿ ಘೋಷಿಸಿದರು. ಅಧಿಸೂಚನೆ ಹಿಂದೆ ಹೋಗಬಹುದು. ಯಾರದೋ ಲ್ಯಾಪ್‌ಟಾಪ್‌ನಲ್ಲಿ ಉಳಿದ ಹೆಸರು, ಫೋನ್ ನಂಬರುಗಳ ಹಾಳೆಯನ್ನು ಹಿಂದಕ್ಕೆ ಪಡೆಯುವ ಅಧಿಸೂಚನೆ ಇಲ್ಲ.

ಕಾನೂನು ತಡವಾಗಿಯಾದರೂ ಈ ಕಡೆ ತಿರುಗಿದೆ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿದ ಪ್ರಕರಣಕ್ಕೆ ಹೆಸರು ಕೊಟ್ಟವರು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅದರ ಬೆನ್ನಿಗೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯಿದೆ ಬಂತು, 2025ರ ನವೆಂಬರ್‌ನಲ್ಲಿ ನಿಯಮಗಳು ಹೊರಬಿದ್ದವು. ಮುಖ್ಯ ಕಟ್ಟುಪಾಡುಗಳು ಜಾರಿಗೆ ಬರಲು 18 ತಿಂಗಳ ಗಡುವಿದೆ, ಎಂದರೆ 2027ರ ಮೇ. ದಂಡ 250 ಕೋಟಿ ರೂಪಾಯಿವರೆಗೆ. ಫೋನ್ ಕರೆಗಳ ಮೇಲೆ ಟ್ರಾಯ್‌ನ 2018ರ ನಿಯಮಗಳು ಈಗಾಗಲೇ ಇವೆ. ಪ್ರಚಾರದ ಕರೆ 140ರಿಂದ ಶುರುವಾಗುವ ಸಂಖ್ಯೆಯಿಂದಲೇ ಬರಬೇಕು. ಸಾಮಾನ್ಯ ಹತ್ತಂಕಿಯ ಮೊಬೈಲಿನಿಂದ ಒಂದೇ ಸಮನೆ ಮಾರಾಟದ ಕರೆ ಮಾಡುವವರ ಮೇಲೆ ಹತ್ತು ದಿನದಲ್ಲಿ ಐದು ದೂರು ಬಂದರೆ ಕ್ರಮ ಎಂದು 2025ರ ಫೆಬ್ರುವರಿಯ ತಿದ್ದುಪಡಿ ಬಿಗಿ ಮಾಡಿದೆ. 1909ಕ್ಕೆ ದೂರು ಕೊಡಬಹುದು. ಪೀಣ್ಯದ ಆ ಹುಡುಗ ಕೊಂಡ ಹಾಳೆ ಹಿಡಿದು ದಿನಕ್ಕೆ ನೂರು ಕರೆ ಮಾಡಿದರೆ ವ್ಯಾಪಾರಕ್ಕಿಂತ ಮೊದಲು ಸಿಮ್ ಹೋಗುತ್ತದೆ.

ಕಂಪನಿಯ ಹೆಸರು, ವಿಳಾಸ, ಜಿಎಸ್‌ಟಿ ಸಂಖ್ಯೆ ಪಟ್ಟಿಯಲ್ಲಿದ್ದರೆ ಯಾರ ತಕರಾರೂ ಇಲ್ಲ, ಕಂಪನಿಗೆ ಖಾಸಗಿ ಬದುಕಿಲ್ಲ. ತೊಡಕು ಇರುವುದು ‘ಪಿ’ ಅಕ್ಷರದವರಲ್ಲಿ. ಅವರ ವ್ಯವಹಾರವೂ ಅವರೇ, ಫೋನೂ ಒಂದೇ. ಸ್ಕೂಲಿನಿಂದ ಮಗಳ ಹಾಜರಾತಿ ಮೆಸೇಜ್ ಬರುವುದೂ, ಕಂಪ್ರೆಸರ್ ಎಣ್ಣೆಯ ಕೊಟೇಶನ್ ಬರುವುದೂ ಅದೇ ನಂಬರಿಗೆ. ವ್ಯಕ್ತಿ ತಾನಾಗಿ ಬಹಿರಂಗ ಮಾಡಿದ ಮಾಹಿತಿಗೆ 2023ರ ಕಾಯಿದೆ ಅನ್ವಯಿಸುವುದಿಲ್ಲ. ಹಾಗಾಗಿ ಅವರೇ ಗೇಟಿನ ಬೋರ್ಡಿನಲ್ಲಿ ಬರೆಸಿದ ನಂಬರು ಬೇರೆ, ಯಾವುದೋ ಸಾಲದ ಅರ್ಜಿಯಿಂದ ಸೋರಿ ಹಾಳೆ ಸೇರಿದ ನಂಬರು ಬೇರೆ. ಪಟ್ಟಿ ಮಾಡುವವರು ಪ್ರತಿ ಹೆಸರಿನ ಪಕ್ಕ ಇದು ಎಲ್ಲಿಂದ ಬಂತು, ಯಾವತ್ತು ಬಂತು ಎಂಬ ಒಂದು ಕಾಲಮ್ ಇವತ್ತಿನಿಂದಲೇ ತೆರೆಯುವುದು ಒಳ್ಳೆಯದು. ಬಾಶೆಟ್ಟಿಹಳ್ಳಿಯ ಓನರ್‌ಗಳು ಆ ಪ್ರಶ್ನೆಯನ್ನು ಕಾಯಿದೆಗಿಂತ ಮೊದಲೇ ಕೇಳುತ್ತಿದ್ದಾರೆ. ಗೊತ್ತಿಲ್ಲದ ಕರೆ ಎತ್ತಿದ ಕೂಡಲೇ ಅವರ ಮೊದಲ ಮಾತು ‘ನನ್ನ ನಂಬರ್ ನಿಮಗ್ಯಾರು ಕೊಟ್ರು?’ ಎಂಬುದು. ‘ನಿಮ್ಮ ಮೇಂಟೆನೆನ್ಸ್‌ನವರು ಕೊಟ್ರು ಸಾರ್’ ಎಂದರೆ ‘ಹ್ಞೂಂ, ಹೇಳಿ’ ಎನ್ನುತ್ತಾರೆ. ‘ನೆಟ್‌ನಲ್ಲಿ ಸಿಕ್ತು’ ಎಂದವರ ಫೋನ್ ಅಲ್ಲಿಗೇ ಕಟ್ ಆಗುತ್ತದೆ.